ಮನೆಗೊಂದು ಬುಟ್ಟಿ ಹೊಯಿಗೆ

ಕಡಲು ಎಳೆದುಕೊಂಡು ಹೋದ ಮರಳು ಎಲ್ಲಿಗೆ ಹೋಗುತ್ತದೆ ಎಂದು ಪಡುಹೊಯಿಗೆಯಲ್ಲಿ ಯಾರನ್ನೇ ಕೇಳಿ, ಒಂದೇ ಉತ್ತರ: "ಕಡ್ಲಿಗೇ ಗೊತ್ತ್." ಹಾಗಾದರೆ ಕಡಲನ್ನು ಬಿಟ್ಟು ಮರಳನ್ನೇ ಕೇಳಿದರೆ? ಒಂದೊಂದು ಕಾಳೂ 'ನಾನು ಇಂಥ ಜಾಗದ್ದು, ಈಗ ಇಲ್ಲಿ ಬಿದ್ದಿದ್ದೇನೆ' ಎಂದು ಬಾಯಿ ಬಿಟ್ಟರೆ? ಅಂಥ ಮರಳು ಆ ವರ್ಷ ಜನವರಿಯಲ್ಲಿ ಬಂದೇಬಿಟ್ಟಿತು. ಹನ್ನೆರಡು ಚೀಲ. ಪಡುಹೊಯಿಗೆ ಹೈಸ್ಕೂಲಿನ ಜಗಲಿಯಲ್ಲಿ ಸಿಮೆಂಟಿನ ಚೀಲಗಳ ಹಾಗೆ ಸಾಲಾಗಿ ಕೂತಿತ್ತು.

ಅದಕ್ಕೆ ಸಾಕ್ಷಿಕಾಳು ಎಂದು ಹೆಸರು. ನೋಡಲಿಕ್ಕೆ ಏನೂ ವಿಶೇಷವಿಲ್ಲ; ಇಲ್ಲಿಯವರು ಹೊಯಿಗೆ ಎನ್ನುವ ದಂಡೆಯ ಮರಳಿನದ್ದೇ ಬಣ್ಣ, ಅದರದ್ದೇ ತೂಕ. ಕಡಲಿಗೂ ಭೇದ ತಿಳಿಯಬಾರದಲ್ಲ, ಅದಕ್ಕೆ. ಆದರೆ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣದೊಂದು ತುಣುಕು. ಬ್ಯಾಟರಿ ಗೀಟರಿ ಏನಿಲ್ಲ. ಓದುಗೋಲು ಎಂಬ ಉದ್ದನೆಯ ಕೋಲನ್ನು ಮೇಲಿಂದ ಆಡಿಸಿದರೆ, ಬಸ್ಸಿನ ಪಾಸು ಯಂತ್ರಕ್ಕೆ ಉತ್ತರ ಕೊಡುವಂತೆ ಕಾಳು ತನ್ನ ಸಂಖ್ಯೆಯನ್ನು ಹೇಳುತ್ತದೆ. ಕೋಲು ಕೀಚ್ ಎನ್ನುತ್ತದೆ. ಮೊಣಕೈ ಆಳದಲ್ಲಿ ಹೂತಿದ್ದರೂ ಸರಿ, ಸಿಕ್ಕಿಬೀಳುತ್ತದೆ.

ಕರಾವಳಿಯ ಉದ್ದಕ್ಕೂ ಏಳು ಹೈಸ್ಕೂಲುಗಳಿಗೆ ಈ ಕೆಲಸ ವಹಿಸಿದ್ದರು. ಹುಣ್ಣಿಮೆ, ಅಮಾವಾಸ್ಯೆಯ ಇಳಿತದ ಹೊತ್ತಿಗೆ ಮಕ್ಕಳು ದಂಡೆಯ ಮೇಲೆ ಗುರುತು ಹಾಕಿದ ಗೆರೆಗಳಲ್ಲಿ ನಡೆದು ಕಾಳುಗಳನ್ನು ಎಣಿಸಬೇಕು. ಲೆಕ್ಕ ನೇರ ಪೇಟೆಯಲ್ಲಿದ್ದ ಕಡಲತಡಿ ನಿಗಾಕೇಂದ್ರಕ್ಕೆ. ಅಲ್ಲಿಯ ಯಂತ್ರ ಎಲ್ಲವನ್ನೂ ಕೂಡಿಸಿ, ಕಳೆದು, ಯಾವ ದಂಡೆ ಎಷ್ಟು ಸವೆದಿದೆ ಎಂದು ಹೇಳುತ್ತದೆ. ಯಾವುದು ಎಲ್ಲಕ್ಕಿಂತ ಹೆಚ್ಚು ಕಷ್ಟದಲ್ಲಿದೆಯೋ ಆ ಊರಿಗೆ ಮಳೆಗಾಲ ಮುಗಿದ ಮೇಲೆ ಮರಳು ಹಡಗು ಬರುತ್ತದೆ. ಅದು ಆಳ ಕಡಲಿನಿಂದ ಮರಳನ್ನು ಹೀರಿ ದಂಡೆಗೆ ಉಗುಳುವ ಹಡಗು. ಇಡೀ ಕರಾವಳಿಗೆ ಇರುವುದು ಅದೊಂದೇ. ವರ್ಷಕ್ಕೆ ಒಂದೇ ಊರು.

ಪಡುಹೊಯಿಗೆಯಲ್ಲಿ ಓದುಗೋಲು ಹಿಡಿಯುವ ತಂಡಕ್ಕೆ ಒಂಬತ್ತನೇ ತರಗತಿಯ ಪ್ರಾಪ್ತಿ ಮುಂದಾಳು. ಮೀನುಗಾರರ ಮನೆಯ ಹುಡುಗಿ. ಕಡಲಿಗೂ ಅವಳ ಮನೆಗೂ ನಡುವೆ ಒಂದು ದಿಬ್ಬ, ಒಂದು ಓಣಿ, ಅಷ್ಟೇ. ಅವಳ ಜೀವದ ಗೆಳತಿ ಜೆನಿಟಾಳ ಮನೆ ಹೊಳೆ ಕಡಲು ಸೇರುವ ಹೊಳೆಬಾಗಿಲಿನ ಆಚೆ ದಡದ ತಾರಿಕಟ್ಟೆಯಲ್ಲಿ. ಶಾಲೆಗೆ ದಿನಾ ದೋಣಿಯಲ್ಲಿ ಬರುವವಳು. ಒಂದೇ ಶಾಲೆಗೆ ಎರಡು ದಂಡೆ ಕೊಟ್ಟಿದ್ದರಿಂದ ಪಡುಹೊಯಿಗೆಯ ಕಾಳುಗಳಿಗೆ ಒಂದು ಸಂಖ್ಯೆ, ತಾರಿಕಟ್ಟೆಯ ಕಾಳುಗಳಿಗೆ ಬೇರೆ ಸಂಖ್ಯೆ; ಯಾವ ಗೆರೆಯಲ್ಲಿ ಬಿತ್ತಿದ್ದು ಎಂಬುದೂ ಅದರಲ್ಲೇ. ಕಾಳು ಬಿತ್ತುವ ದಿನ ಇಬ್ಬರೂ ಒಂದೇ ಚೀಲ ಹೊತ್ತು ಬಿದ್ದು, ಬಾಯಿಗೆಲ್ಲ ಸಾಕ್ಷಿ ಮೆತ್ತಿಕೊಂಡಿದ್ದರು. "ನಿಮ್ಮ ಹೊಟ್ಟೆಯನ್ನೂ ಓದ್ಬೇಕಾದೀತು" ಎಂದು ವಿಜ್ಞಾನದ ಭುಜಂಗ ಮಾಷ್ಟ್ರು ನಕ್ಕಿದ್ದರು.

ಮೇ ತಿಂಗಳಲ್ಲಿ ಪ್ರಾಪ್ತಿಯ ಪ್ರಮೀಳತ್ತೆಯ ಮದುವೆ ಮನೆಯಂಗಳದಲ್ಲೇ ಗದ್ದಲದಿಂದ ಆಯಿತು. ಜೂನಿನಲ್ಲಿ ಹಿಡಿದ ಮಳೆ ಎರಡು ತಿಂಗಳು ಬಿಡಲಿಲ್ಲ. ಕಡಲು ದಿಬ್ಬದ ತಲೆಯವರೆಗೂ ನೊರೆ ಎಸೆಯಿತು. ಓಣಿಯಲ್ಲಿ ಮೊಣಕಾಲು ನೀರು ನಿಂತಿತು. ಅದು ಮಳೆಯದೋ ಕಡಲಿನದೋ ಎಂದು ನೆಕ್ಕಿ ನೋಡಲು ಯಾರಿಗೂ ಪುರಸೊತ್ತಿರಲಿಲ್ಲ.

ಆಗಸ್ಟಿನಲ್ಲಿ ಕೇಂದ್ರದಿಂದ ಸೂಚನೆ ಬಂತು: ದಿಬ್ಬದ ಹಿಂದಿನ ಓಣಿಗಳನ್ನೂ ಓದಿ. ಕಡಲು ದಿಬ್ಬ ದಾಟಿ ಒಳಗೆ ಬಂದಿದ್ದರೆ ಕಾಳುಗಳನ್ನು ಹೊತ್ತು ತಂದಿರುತ್ತದೆ. ಪ್ರಾಪ್ತಿಯ ತಂಡ ಕೊಡೆ ಹಿಡಿದು ಹೊರಟಿತು. ಮೊದಲ ಓಣಿಯಲ್ಲಿ ಕೋಲು ತುಟಿಪಿಟಿಕ್ಕೆನ್ನಲಿಲ್ಲ. ಎರಡನೆಯದರಲ್ಲೂ ಇಲ್ಲ. ಪ್ರಾಪ್ತಿಯ ಮನೆಯ ಓಣಿಗೆ ತಿರುಗಿದ್ದೇ ತಡ, ಕೀಚ್, ಕೀಚ್, ಕೀಚ್! ಅಂಗಳಕ್ಕೆ ಬಂದಾಗಲಂತೂ ಕೋಲು ಉಸಿರು ತೆಗೆದುಕೊಳ್ಳಲಿಲ್ಲ. ನಾಲ್ಕು ಸಾವಿರ ಚಿಲ್ಲರೆ ಕಾಳು. ದಂಡೆಯಿಂದ ನೂರಾ ಎಂಬತ್ತು ಹೆಜ್ಜೆ ಒಳಗೆ!

ಎರಡು ದಿನದಲ್ಲಿ ಪಟ್ಟಿ ಬಂತು. ತಾರಿಕಟ್ಟೆಯ ದಂಡೆ ಹದಿನಾಲ್ಕು ಹೆಜ್ಜೆ ಕರಗಿದೆ, ನಿಜ. ಆದರೆ ಪಡುಹೊಯಿಗೆಯಲ್ಲಿ ಕಡಲು ದಿಬ್ಬವನ್ನೇ ದಾಟಿದೆ. ಯಂತ್ರದ ಪ್ರಕಾರ ಅದು ಇನ್ನೂ ಅಪಾಯ. ಪಡುಹೊಯಿಗೆ ಒಂದನೆಯದು, ತಾರಿಕಟ್ಟೆ ಎರಡನೆಯದು. ಶನಿವಾರ ಕೇಂದ್ರದಲ್ಲಿ ಸಭೆ ನಡೆದು ಅದು ಗಟ್ಟಿಯಾಗುವುದಷ್ಟೇ ಬಾಕಿ.

"ಹಡ್ಗ್ ನಮ್ ಬದಿಗೇ ಬತ್ತ್ ಅಂಬ್ರ್!" ಎಂದು ಓಣಿಯೆಲ್ಲ ಕುಣಿಯಿತು. ಪ್ರಾಪ್ತಿಯ ಅಜ್ಜಿ ಸಾಧಮ್ಮ ಮೀನು ಮಾರಲು ಹೋದಲ್ಲೆಲ್ಲ ಮೊಮ್ಮಗಳ ಕೋಲಿನ ಸುದ್ದಿಯನ್ನು ಬಂಗುಡೆಯ ಜೊತೆ ಪುಕ್ಕಟೆ ಹಂಚಿದಳು. ಎರಡು ವರ್ಷದ ಹಿಂದೆ ಅವರ ಬಲೆಮನೆಯನ್ನು ಕಡಲು ನುಂಗಿತ್ತು. ಇನ್ನು ನುಂಗಲು ಉಳಿದದ್ದು ಮನೆಯೇ.

ಇಲ್ಲಿಗೆ ಕಥೆ ಮುಗಿಯುತ್ತಿತ್ತೋ ಏನೋ. ಆದರೆ ಭುಜಂಗ ಮಾಷ್ಟ್ರಿಗೆ ಒಂದು ಹಳೇ ಚಾಳಿ. ಯಂತ್ರ ಎಷ್ಟೇ ಎಣಿಸಲಿ, ಮಕ್ಕಳು ಗ್ರಾಫ್ ಹಾಳೆಯ ಮೇಲೆ ಒಂದೊಂದು ಓದಿಗೆ ಒಂದೊಂದು ಚುಕ್ಕಿ ಇಡಲೇಬೇಕು. "ಕೈ ಬರೆದ್ರೆ ಮಾತ್ರ ತಲೆ ಓದ್ತದೆ ಮಕ್ಳೇ" ಎನ್ನುವವರು. ಗುರುವಾರ ಸಂಜೆ ಪ್ರಾಪ್ತಿ ಜಗಲಿಯಲ್ಲಿ ಕವುಚಿ ಮಲಗಿ, ನಾಲಿಗೆ ಕಚ್ಚಿಕೊಂಡು ಚುಕ್ಕಿ ಇಡುತ್ತಿದ್ದಳು.

ಚುಕ್ಕಿಗಳು ಒಂದು ಆಕಾರಕ್ಕೆ ಬಂದವು. ನಾಲ್ಕು ಮೂಲೆಯ, ನೇರ ಅಂಚಿನ ಆಕಾರ. ಕಡಲು ಸ್ಕೇಲಿಟ್ಟು ಗೆರೆ ಎಳೆಯುತ್ತದೆಯೇ? ನಡುವೆ ಚಿಕ್ಕದೊಂದು ಚೌಕ ಪೂರ್ತಿ ಖಾಲಿ. ಹಿತ್ತಿಲ ಕಡೆ ಬಳೆ ಇಟ್ಟು ಬರೆದಂತೆ ಮೂರು ಉರುಟು ಖಾಲಿ ಜಾಗ, ಸಾಲಾಗಿ. ಓಣಿಯಿಂದ ಅಂಗಳದವರೆಗೆ ಆರಡಿ ಅಗಲದ ಒಂದು ಪಟ್ಟಿ. ಅದರಾಚೆ ಈಚೆ ಒಂದು ಚುಕ್ಕಿಯೂ ಇಲ್ಲ.

ಪ್ರಾಪ್ತಿ ಹಾಳೆಯನ್ನು ತಿರುಗಿಸಿ ನೋಡಿದಳು. ಎಲ್ಲೋ ನೋಡಿದ್ದೇನಲ್ಲ! ಮರುಕ್ಷಣ ಅವಳಿಗೆ ಹೊಳೆಯಿತು. ಆ ಖಾಲಿ ಚೌಕ ಧಾರೆಯ ಮಂಟಪ. ಮೂರು ಉರುಟು, ಅಡಿಗೆಯವರು ಕಲ್ಲು ಹೂಡಿದ್ದ ಒಲೆಗಳು. ಆ ಪಟ್ಟಿ ದಿಬ್ಬಣ ಬಂದ ದಾರಿ. ಅವಳು ಕಡಲಿನ ನಕ್ಷೆ ಬರೆಯಲು ಕೂತವಳು ಪ್ರಮೀಳತ್ತೆಯ ಮದುವೆಯ ನಕ್ಷೆ ಬರೆದಿದ್ದಳು.

ಪಡುಹೊಯಿಗೆಯಲ್ಲಿ ಒಂದು ಪದ್ಧತಿ ಇದೆ. ಯಾರದೇ ಮನೆಯಲ್ಲಿ ಮದುವೆಯಾದರೂ ಚಪ್ಪರ ಹಾಕುವ ದಿನ ಓಣಿಯವರೆಲ್ಲ ಮನೆಗೊಂದು ಬುಟ್ಟಿಯಂತೆ ದಂಡೆಯಿಂದ ಹೊಸ ಹೊಯಿಗೆ ತಂದು ಆ ಅಂಗಳಕ್ಕೆ ಹರಡುತ್ತಾರೆ. ಇನ್ನೊಬ್ಬರ ಮನೆಯ ಹೊಯಿಗೆ ಬೀಳದ ಅಂಗಳದಲ್ಲಿ ಧಾರೆ ಎರೆಯುವುದಿಲ್ಲ. ದಂಡೆಯಲ್ಲಿ 'ಮರಳು ತೆಗೆಯಬಾರದು' ಎಂದು ಕೇಂದ್ರದ ಬೋರ್ಡು ಇತ್ತು, ಇಲ್ಲವೆಂದಲ್ಲ. ಅದು ಲಾರಿಯವರಿಗೆ ಎಂದು ಎಲ್ಲರೂ ತಿಳಿದಿದ್ದರು. ಪ್ರಾಪ್ತಿಯೂ ಒಂದು ಬುಟ್ಟಿ ಹೊತ್ತಿದ್ದಳು. ದಂಡೆಯಲ್ಲಿದ್ದರೆ ಅದು ಸಾಕ್ಷಿಕಾಳು, ಬುಟ್ಟಿಗೆ ಬಿದ್ದ ಮೇಲೆ ಮದುವೆಯ ಹೊಯಿಗೆ. ಅವೆರಡೂ ಒಂದೇ ಎಂದು ಓದುಗೋಲಿನ ಮುಂದಾಳಿಗೇ ಹೊಳೆದಿರಲಿಲ್ಲ!

"ಅಜ್ಜಿ, ಇದ್ ಕಡ್ಲ್ ತಂದದ್ದಲ್ಲ. ನಾವ್ ತಂದದ್ದ್" ಎಂದಳು.

ಸಾಧಮ್ಮ ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಅವಳಿಗೂ ಅರ್ಥವಾಯಿತು. ಹಾಳೆಯನ್ನು ಮಡಿಸಿ ಮೊಮ್ಮಗಳ ಕೈಗೆ ಕೊಟ್ಟಳು.

"ಪೆಟ್ಟಿಗೆಯಡಿಗೆ ಹಾಕ್. ಅಷ್ಟ್ ದೊಡ್ಡ ಯಂತ್ರಕ್ಕೇ ಗೊತ್ತಾಯ್ಲಿಲ್ಲೆ, ನಿಂಗೆಂತಕ್ಕೆ ಊರ್ ಉಸಾಬರಿ?"

"ಹಡ್ಗ್ ತಾರಿಕಟ್ಟೆಗೆ ಹೋಯ್ಕಾದ್ದ್ ಅಜ್ಜಿ."

"ಇಲ್ಲಿಗ್ ಬಂದ್ರೆ ಎಂತ ಹಾಳಾತ್ತ್? ಬಲೆಮನೆ ಹೋದ್ದ್ ಸುಳ್ಳಾ? ಇನ್ನೊಂದ್ ಮಳ್ಗಾಲಕ್ಕೆ ಈ ಜಗ್ಲಿ ಇರತ್ತ್ ಅಂತ ನಿನ್ ಕೋಲ್ ಬರ್ದ್ ಕೊಡತ್ತಾ?" ಅಜ್ಜಿಯ ದನಿ ಏರಿತು, ಆಮೇಲೆ ತಾನಾಗಿಯೇ ಇಳಿಯಿತು. "ಹೆದ್ರಿಕೆ ಆತ್ತ್ ಮಗಾ ನಂಗೆ. ಎಪ್ಪತ್ ವರ್ಷದಲ್ಲಿ ಕಡ್ಲಿಗೆ ಹೆದ್ರದವ್ಳ್ ನಾನ್. ಈಗ ಹೆದ್ರಿಕೆ ಆತ್ತ್."

ಪ್ರಾಪ್ತಿಗೆ ಅಳು ಬಂತು. ಅಜ್ಜಿ ಹೇಳಿದ್ದರಲ್ಲಿ ಸುಳ್ಳೇನಿತ್ತು?

ಶುಕ್ರವಾರ ಶಾಲೆ ಬಿಟ್ಟ ಮೇಲೆ ಅವಳು ಜೆನಿಟಾಳ ಜೊತೆ ದೋಣಿ ಹತ್ತಿದಳು. ಬ್ಯಾಗಿನಲ್ಲಿ ಹಾಳೆ ಇತ್ತು. ತೋರಿಸಬೇಕೋ ಬೇಡವೋ ಇನ್ನೂ ತೀರ್ಮಾನವಾಗಿರಲಿಲ್ಲ. ಜೆನಿಟಾಳ ಮನೆಯ ಅಡಿಗೆಮನೆಯ ಹಿಂದಿನ ಗೋಡೆ ಹೋಗಿ ಅಲ್ಲಿ ಟಾರ್ಪಾಲು ಕಟ್ಟಿದ್ದರು. ಒಲೆ ಈಗ ಎದುರಿನ ಕೋಣೆಗೆ ಬಂದಿತ್ತು, ಏಸುವಿನ ಪಟದ ಕೆಳಗೆ. ಟಾರ್ಪಾಲಿನ ಆಚೆ ಹನ್ನೊಂದು ತೆಂಗಿನ ಬುಡಗಳು ಬೇರು ಮೇಲೆ ಮಾಡಿ ಬಿದ್ದಿದ್ದವು. ಜೆನಿಟಾಳ ಅಮ್ಮ ಚಹಾ ಕೊಡುತ್ತ, "ನಿಮ್ಗಾದ್ರೂ ಹಡ್ಗ್ ಬಂತಲೇ, ಒಳ್ಳೇದಾಯ್ತ್" ಎಂದಳು. ಆ ಮಾತಿನಲ್ಲಿ ಕೊಂಕು ಹುಡುಕಿದರೂ ಸಿಗಲಿಲ್ಲ. ಪ್ರಾಪ್ತಿ ಚಹಾದ ಲೋಟ ಕೆಳಗಿಟ್ಟಳು. ಬ್ಯಾಗು ತೆರೆದು ಹಾಳೆಯನ್ನು ಗೆಳತಿಯ ಮುಂದೆ ಹರಡಿದಳು.

ಜೆನಿಟಾ ಮೊದಲು ಮದುವೆಯನ್ನು ಗುರುತಿಸಿ ಕಿಸಕ್ಕನೆ ನಕ್ಕಳು. ಆಮೇಲೆ ಹಾಳೆಯ ಮೇಲೆ ಬಗ್ಗಿದಳು. ತುಂಬಾ ಹೊತ್ತು ನೋಡಿ, ಬೆರಳಿಟ್ಟು ಕೇಳಿದಳು:

"ಇಲ್ಲ್ ಹೊಸ್ತಿಲ ಬುಡದಲ್ಲಿ ಹಾಕಿದ್ದ್ ನನ್ ಹೊಯ್ಗಿ ಎಲ್ ಹೋಯ್ತ್?"

ಪ್ರಾಪ್ತಿಗೆ ಆಗ ನೆನಪಾಯಿತು. ಚಪ್ಪರದ ದಿನ ಜೆನಿಟಾ ತಾರಿಕಟ್ಟೆಯ ದಂಡೆಯ ಹೊಯಿಗೆಯನ್ನು ಬುಟ್ಟಿಯಲ್ಲಿ ತುಂಬಿ, ದೋಣಿಯಲ್ಲಿಟ್ಟು, ದಡದಿಂದ ತಲೆಯ ಮೇಲೆ ಹೊತ್ತು ತಂದಿದ್ದಳು. 'ನಾನೇನು ಹೊರಗಿನವಳಾ?' ಎಂದು ಕೇಳಿದ್ದಳು. ಸಾಧಮ್ಮ ಸಂತೋಷದಿಂದ, 'ಆಚೆ ದಡದ್ದಾ? ಅದ್ ಹೊಸ್ತಿಲ ಬುಡಕ್ಕೆ ಹಾಕ್ ಮಗಾ' ಎಂದಿದ್ದಳು. ಹೊಸ್ತಿಲ ಬುಡವೆಂದರೆ ಮದುಮಗಳು ಮೊದಲು ಕಾಲಿಡುವ ಜಾಗ.

ಆ ಕಾಳುಗಳನ್ನು ಕೋಲು ಓದಿತ್ತು. ಇನ್ನೂರ ಹದಿನಾಲ್ಕು. ಆದರೆ ಕೇಂದ್ರದಿಂದ ಮರಳಿ ಬಂದ ವರದಿಯ ಕೊನೆಯಲ್ಲಿ ಒಂದು ಸಾಲಿತ್ತು: 'ತಾರಿಕಟ್ಟೆ ಸಂಖ್ಯೆಯ 214 ಕಾಳುಗಳು. ಹೊಳೆ ದಾಟಿ ಬರಲು ಸಾಧ್ಯವಿಲ್ಲ. ಕಸವೆಂದು ಕೈಬಿಡಲಾಗಿದೆ.' ಕೈಬಿಟ್ಟದ್ದನ್ನು ಪ್ರಾಪ್ತಿಯೂ ಹಾಳೆಯಲ್ಲಿ ಬರೆದಿರಲಿಲ್ಲ.

ಮನೆಗೆ ಬಂದವಳು ಆ ಸಾಲನ್ನು ಅಜ್ಜಿಗೆ ಓದಿ ಹೇಳಿದಳು. ವಾದ ಮಾಡಲಿಕ್ಕಲ್ಲ, ಹೇಳದೆ ಇರಲಾಗಲಿಲ್ಲ, ಹೇಳಿದಳು.

"ಎಂತ ಅಂದ್ರ್?" ಸಾಧಮ್ಮ ಕೈಯಲ್ಲಿದ್ದದ್ದನ್ನು ಕೆಳಗಿಟ್ಟಳು.

"ಕಸ ಅಂತ."

"ಕಸವಾ! ಆ ಹೆಣ್ಣ್ ತಲಿ ಮೇಲೆ ಹೊತ್ಕಂಡ್ ಬಂದ ಹೊಯ್ಗಿ ಕಸವಾ? ನಮ್ ಪ್ರಮೀಳ ತುಳ್ದ್ ಹೋದ ಹೊಯ್ಗಿ ಕಸವಾ?" ಅವಳ ಮೂಗಿನ ಹೊಳ್ಳೆ ಅರಳಿತು. "ಯಾರ್ ಹೇಳದ್ದ್ ಅದನ್ನ? ಎಲ್ಲಿತ್ತ್ ಆ ಯಂತ್ರ?"

ಶನಿವಾರ ನಿಗಾಕೇಂದ್ರದ ನಿಯಂತ್ರಣ ಕೊಠಡಿಗೆ ಭುಜಂಗ ಮಾಷ್ಟ್ರು, ಪ್ರಾಪ್ತಿ ಮತ್ತು ಇಸ್ತ್ರಿ ಹಾಕಿದ ಸೀರೆಯುಟ್ಟ ಸಾಧಮ್ಮ ಬಂದರು. ಮಾಷ್ಟ್ರಿಗೆ ಬಸ್ಸಿನಲ್ಲಿ ಎಲ್ಲ ತಿಳಿದಿತ್ತು, ಕಿಟಕಿಯಾಚೆ ನೋಡುತ್ತ, "ಛೆ, ನಾನೂ ಆ ಮದುವೆಯಲ್ಲಿ ಎರಡು ಸಲ ಪಾಯಸ ಹಾಕಿಸ್ಕೊಂಡವ. ನನಗೂ ಹೊಳಿಲಿಲ್ಲ ನೋಡು" ಎಂದಿದ್ದರು.

ಕೊಠಡಿಯ ಗೋಡೆಯ ತುಂಬ ಕರಾವಳಿ ಬೆಳಗುತ್ತಿತ್ತು. ಪಡುಹೊಯಿಗೆಯ ಮೇಲೆ ಕೆಂಪು ದೀಪ. ಕೇಂದ್ರದ ಮುಖ್ಯಸ್ಥೆ ಡಾ. ವಾರಿಜಾ ನಾವಡ, ನಲವತ್ತೈದರ ಸಣಕಲು ಹೆಂಗಸು, ಪ್ರಾಪ್ತಿಯ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡರು. ಪ್ರಾಪ್ತಿ ಅಜ್ಜಿಯ ಮುಖ ನೋಡಿದಳು. ಅಜ್ಜಿಯೇ ಮುಂದೆ ಬಂದು ಹಾಳೆಯ ಮೇಲೆ ಬೆರಳಿಟ್ಟಳು.

"ಕಾಣಿ ಅಮ್ಮಾ. ಇಲ್ಲ್ ಧಾರೆ ಮಂಟಪ. ಇದ್ ಒಲಿ, ಇದ್ರಲ್ಲಿ ಅನ್ನ, ಇದ್ರಲ್ಲಿ ಸಾರ್, ಇದ್ರಲ್ಲಿ ಪಾಯ್ಸ. ದಿಬ್ಬಣ ಇಲ್ಲಿಂದ ಬಂದದ್ದ್. ಇಲ್ಲ್ ಕಾಣಿ, ಇಲ್ಲ್ ನೀವ್ ಕಸ ಅಂದ್ ಬಿಟ್ಟದ್ದ್. ಅದ್ ಈ ಹೆಣ್ಣಿನ ದೋಸ್ತಿ ಹೊಳಿ ದಾಂಟಿ ತಂದದ್ದ್."

ನಾವಡ ಮೇಡಂ ಕೈಬಿಟ್ಟ ಇನ್ನೂರ ಹದಿನಾಲ್ಕನ್ನು ಪರದೆಯ ಮೇಲೆ ತಿರುಗಿ ತರಿಸಿದರು. ಹೊಸ್ತಿಲಿನ ಬುಡದಲ್ಲಿ ಅವು ಒತ್ತೊತ್ತಾಗಿ ಮೂಡಿದವು, ಬುಟ್ಟಿ ಮಗುಚಿದ ಜಾಗದಲ್ಲೇ.

"ಕಡಲು ಒಂದೇ ಗೆರೆಯ ಕಾಳುಗಳನ್ನು ಆರಿಸಿ ತರುವುದಿಲ್ಲ. ಎಲ್ಲವನ್ನೂ ಕಲೆಸಿ ತರುತ್ತದೆ" ಎಂದು ತಮಗೆ ತಾವೇ ಹೇಳಿಕೊಂಡರು. "ನಿಮ್ಮ ಅಂಗಳದಲ್ಲಿರುವುದೆಲ್ಲ ನಾಲ್ಕನೇ ಗೆರೆಯದು."

"ಅಲ್ಲೇ ನಾವು ಹೊಯಿಗೆ ತುಂಬಿಸುವುದು ಮೇಡಂ. ಸಾಫ್ ಇರ್ತದೆ" ಎಂದಳು ಪ್ರಾಪ್ತಿ.

"ಅಜ್ಜೀ, ಈ ಕಾಳುಗಳನ್ನು ಲೆಕ್ಕದಿಂದ ತೆಗೆದರೆ ನಿಮ್ಮೂರು ಮೂರನೆಯದಾಗುತ್ತದೆ. ಹಡಗು ಬರುವುದಿಲ್ಲ. ಗೊತ್ತಲ್ಲ?"

ಸಾಧಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಗೊತ್ತಿತ್ತಮ್ಮಾ. ನಾನ್ ಹಡ್ಗ್ ಬ್ಯಾಡ ಅಂಬುಕೆ ಬಂದವ್ಳಲ್ಲ. ಆ ಹೊಯ್ಗಿ ಕಸ ಅಲ್ಲ ಅಂಬುಕೆ ಬಂದವ್ಳ್."

ಗೋಡೆಯ ಮೇಲೆ ಕೆಂಪು ದೀಪ ಹೊಳೆ ದಾಟಿ ತಾರಿಕಟ್ಟೆಯ ಮೇಲೆ ಹೋಗಿ ನಿಂತಿತು. ಪ್ರಾಪ್ತಿ ಅದನ್ನು ನೋಡಲಾರದೆ ತನ್ನ ಚಪ್ಪಲಿ ನೋಡಿದಳು.

ಊರು ಸುಲಭಕ್ಕೆ ಕ್ಷಮಿಸಲಿಲ್ಲ. ಕೋಲು ಹಿಡಿದ ಮಕ್ಕಳನ್ನು ಕಂಡರೆ ದಂಡೆಯಲ್ಲಿ ಬಲೆ ನೇಯುವವರು, "ಬಂದ್ರ್ ಕಾಣಿ ಸತ್ಯಹರಿಶ್ಚಂದ್ರನ ಮೊಮ್ಮಕ್ಳ್" ಎನ್ನುತ್ತಿದ್ದರು. ತಂಡದ ಇಬ್ಬರನ್ನು ಅವರ ಮನೆಯವರು ಬಿಡಿಸಿದರು. ಸಾಧಮ್ಮನ ಜೊತೆ ಮೂವತ್ತು ವರ್ಷ ಬುಟ್ಟಿ ಹೊತ್ತವರು ಈಗ ಬೇರೆ ದಾರಿಯಲ್ಲಿ ನಡೆದರು. ಅಕ್ಟೋಬರಿನಲ್ಲಿ ಹಡಗು ಬಂದು ಎಂಟು ದಿನ ಆಚೆ ದಡಕ್ಕೆ ಮರಳು ಉಗುಳಿತು. ಈಚೆ ದಡದಲ್ಲಿ ನಿಂತು ಜನ ನೋಡಿದರು. ಪ್ರಾಪ್ತಿಯೂ ನೋಡಿದಳು. ಜೆನಿಟಾಳಿಗಾಗಿ ಸಂತೋಷವಾಗಿತ್ತು, ಹೊಟ್ಟೆಯೊಳಗೆ ಉರಿಯೂ ಇತ್ತು. ಎರಡನ್ನೂ ಅವಳು ಮುಚ್ಚಿಡಲಿಲ್ಲ. "ನಂಗೆ ಹೊಟ್ಟೆಕಿಚ್ಚ್ ಆತ್ತ್ ಕಾಣ್" ಎಂದು ಜೆನಿಟಾಳಿಗೇ ಹೇಳಿದಳು. "ಆಯ್ಕೇ, ಆಗ್ದೆ ಇರತ್ತಾ" ಎಂದಳು ಜೆನಿಟಾ.

ಕೇಂದ್ರದವರು ಒಂದು ಕೆಲಸ ಮಾಡಿದರು. ಏಳು ಶಾಲೆಗಳ ಮಕ್ಕಳೂ ತುಂಬುವ ನಮೂನೆಯ ಕೊನೆಗೆ ಹೊಸದೊಂದು ಕಾಲಂ ಸೇರಿಸಿದರು: 'ಈ ಮರಳನ್ನು ಯಾರಾದರೂ ಹೊತ್ತು ತಂದದ್ದೇ? ಹೌದಾದರೆ, ಯಾರು?' ಯಂತ್ರಕ್ಕೆ ಕೇಳಲು ಬರದ ಪ್ರಶ್ನೆ ಅದೊಂದೇ ಎಂದು ಭುಜಂಗ ಮಾಷ್ಟ್ರು ಎಲ್ಲರಿಗೂ ತೋರಿಸಿದರು.

ಮರುವರ್ಷ ಜುಲೈಯ ಒಂದು ಮಧ್ಯಾಹ್ನ ಉಬ್ಬರದ ಹೊತ್ತಿಗೆ ದಿಬ್ಬ ಒಡೆಯಿತು. ಯಾರಿಗೂ ಏನೂ ಆಗಲಿಲ್ಲ. ಬೆಳಿಗ್ಗೆಯೇ ಕೇಂದ್ರದವರು ಎಚ್ಚರಿಸಿದ್ದರು. ತಾರಿಕಟ್ಟೆಯವರು ಎಂಟು ದೋಣಿ ತಂದು ಓಣಿಯವರನ್ನೆಲ್ಲ ಆಚೆ ದಡಕ್ಕೆ ಸಾಗಿಸಿದರು. ಆಚೆ ದಡ ಗಟ್ಟಿಯಾಗಿ ನಿಂತಿತ್ತು. ಪ್ರಾಪ್ತಿಯ ಮನೆಯವರೆಲ್ಲ ಜೆನಿಟಾಳ ಮನೆಯಲ್ಲಿ ಇಳಿದರು. ಅಡಿಗೆಮನೆಗೆ ಹೊಸ ಗೋಡೆ ಬಂದಿತ್ತು, ಒಲೆ ತನ್ನ ಜಾಗಕ್ಕೆ ಮರಳಿತ್ತು.

ಮೂರನೆಯ ದಿನ ನೀರಿಳಿದ ಮೇಲೆ ಪ್ರಾಪ್ತಿ ಕೋಲು ಹಿಡಿದು ಊರಿಗೆ ಹೋದಳು. ಬಿಟ್ಟುಹೋಗಿದ್ದ ಇಬ್ಬರೂ ಕರೆಯದೆಯೇ ಬಂದಿದ್ದರು. ಓದಿ, ಬರೆದು, ಕಳಿಸಿದರು. ಸಂಜೆಗೆ ಪ್ರಾಪ್ತಿ ತಾರಿಕಟ್ಟೆಯಲ್ಲಿ ದೋಣಿ ಇಳಿಯುವಷ್ಟರಲ್ಲಿ ನಾವಡ ಮೇಡಂ ಫೋನು ಮಾಡಿದರು.

"ಪ್ರಾಪ್ತಿ, ನಿಮ್ಮ ಓಣಿಯಲ್ಲಿ ಎಲ್ಲಾ ಗೆರೆಗಳ ಕಾಳೂ ಕಲೆತು ಬಂದಿವೆ. ಕೊನೆಯ ಕಾಲಂ ಖಾಲಿ ಬಿಟ್ಟಿದ್ದೀಯಲ್ಲ?"

"ಈ ಸಲ ಯಾರೂ ಹೊತ್ತು ತಂದದ್ದಲ್ಲ ಮೇಡಂ. ಕಡಲೇ."

"ಅಂಗಳದ ಓದು ಕಾಣಿಸ್ತಿಲ್ಲ."

"ಅಂಗಳ ಇಲ್ಲ ಮೇಡಂ."

"ಸರಿ, ಬರೆದುಕೊಂಡೆ" ಎಂದರು ಮೇಡಂ. "ಪಡುಹೊಯಿಗೆಗೆ ಬೇರೆ ಪರಿಶೀಲನೆ ಬೇಡ. ನೀನು ಹೇಳಿದೆಯಲ್ಲ, ಸಾಕು. ಹಡಗು ಅಕ್ಟೋಬರಿಗೆ."

ಫೋನಿಟ್ಟು ಪ್ರಾಪ್ತಿ ಜೆನಿಟಾಳ ಜಗಲಿಗೆ ಬಂದಳು. ಕೈಯಲ್ಲಿದ್ದ ಕೋಲನ್ನು ಆರಿಸಿರಲಿಲ್ಲ. ಮೆಟ್ಟಿಲ ಹತ್ತಿರ ಬರುತ್ತಿದ್ದಂತೆ ಅದು ಕೀಚ್ ಕೀಚ್ ಎಂದು ಶುರುಹಚ್ಚಿತು. ಬಾಗಿಲ ಪಕ್ಕ ಅಜ್ಜಿಯ ಮೀನಿನ ಬುಟ್ಟಿ ಇತ್ತು. ಮನೆ ಬಿಡುವ ಗಡಿಬಿಡಿಯಲ್ಲಿ ಸಾಧಮ್ಮ ದೇವರ ಪಟ, ರೇಷನ್ ಕಾರ್ಡುಗಳ ಜೊತೆ ಆ ಬುಟ್ಟಿಯನ್ನೂ ದೋಣಿಗೆ ಹಾಕಿದ್ದಳು. ಒಳಗೆ ಬಟ್ಟೆ ಇರಬಹುದೆಂದು ಎಲ್ಲರೂ ತಿಳಿದಿದ್ದರು. ಒಳಗಿದ್ದದ್ದು ಹೊಯಿಗೆ. ತಮ್ಮ ಮನೆಯ ಹೊಸ್ತಿಲ ಬುಡದ್ದು.

ಪ್ರಾಪ್ತಿ ಕೋಲನ್ನು ಬುಟ್ಟಿಯ ಮೇಲೆ ನಿಧಾನ ಆಡಿಸಿದಳು. ತಾರಿಕಟ್ಟೆಯ ಸಂಖ್ಯೆ. ನೂರಾ ತೊಂಬತ್ತೊಂದು. ಜೆನಿಟಾ ಒಳಗಿಂದ ಬಂದು ಬುಟ್ಟಿಯನ್ನೂ ಅವಳನ್ನೂ ನೋಡಿ, ಬುಟ್ಟಿಯ ಒಂದು ಬದಿ ಹಿಡಿದಳು. ಇಬ್ಬರೂ ಸೇರಿ ಎತ್ತಿ, ಜೆನಿಟಾಳ ಮನೆಯ ಹೊಸ್ತಿಲ ಬುಡಕ್ಕೆ ಅದನ್ನು ಮಗುಚಿದರು.

ಆಮೇಲೆ ಪ್ರಾಪ್ತಿ ಹೊಸ ನಮೂನೆ ತೆರೆದು ಜಾಗ, ದಿನಾಂಕ, ಕಾಳುಗಳ ಎಣಿಕೆ ಬರೆದಳು. ಕೊನೆಯ ಕಾಲಮಿನಲ್ಲಿ ಬರೆದಳು: 'ಹೌದು. ನನ್ನ ಅಜ್ಜಿ.'